ಸುನಂದಳ ಪಾಲಿನ ತುತ್ತು

ಬೋಗುಣಿ ಅಂಚಿಗೆ ಬಳೆ ತಾಗಿದ ಸದ್ದು, ಅಂದರೆ ಅತ್ತೆ ತೊವ್ವೆ ಅನ್ನ ಕಲಸ್ತಿದಾರೆ, ಕಲಸಲಿ, ಇವತ್ತು ನಾನು ಇಲ್ಲಿಂದ ಅಲ್ಲಾಡೋಳಲ್ಲ, ಅಡುಗೆಮನೆ ಬಾಗಿಲ ಸಂದೀಲಿ ಕೂತು ಅವರೆಕಾಳು ಹಿತುಕ್ತಾ ಇರ್ತೀನಿ, ಕಣ್ಣು ಮಾತ್ರ ಆ ಕೈ ಮೇಲೆ — ನನ್ನ ಮಗಳ ಪಾಲಿನ ತುತ್ತು ಯಾರ ಬಾಯಿಗೆ ಹೋಗುತ್ತೆ ನೋಡೇಬಿಡ್ತೀನಿ. ಒಂದೇ ಒಲೆ, ಒಂದೇ ಬೋಗುಣಿ, ಓರಗಿತ್ತಿ ಚಕ್ರೇಶ್ವರಿಯ ಮಗ ಅಜಿತ್‌ಕುಮಾರ ಗುಂಡುಕಲ್ಲಿನ ಹಾಗಿದಾನೆ, ನನ್ನ ಸುನಂದ ಕಡ್ಡಿ, ಪಕ್ಕೆಲುಬು ಎಣಿಸಬಹುದು, ಬ್ಲಾಕ್ ಆಫೀಸಿನಿಂದ ಬಂದ ನರ್ಸು ದಾಕ್ಷಾಯಣಮ್ಮ ಜೋಲಿ ಕಟ್ಟಿ ತೂಗಿದ್ರಲ್ಲ, ದೀಪಾವಳಿಗೆ ಇದ್ದದ್ದಕ್ಕಿಂತ ಇಳಿದುಹೋಗಿದೆ ಕಣಮ್ಮ, ರೋಗ ಏನೂ ಕಾಣಲ್ಲ, ಮನೇಲಿ ಹೊಟ್ಟೆತುಂಬ ಹಾಕ್ತೀರೋ ಇಲ್ವೋ, ಹೀಗೇ ಇಳಿದ್ರೆ ಹಾಸನದ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ, ಇಂಥ ಮಕ್ಕಳು ಒಂದು ಜ್ವರಾನೂ ತಡಕೊಳ್ಳಲ್ಲ — ಒಂದು ಜ್ವರಾನೂ ತಡಕೊಳ್ಳಲ್ಲ ಅಂದ್ರು, ಅತ್ತೆ ಎದುರಿಗೇ ಅಂದ್ರು, ಅತ್ತೆ ತಲೆ ತಗ್ಗಿಸಿ ಜಪಮಣಿ ಎಳೀತಿದ್ರು, ಯಾಕೆ ತಗ್ಗಿಸಬೇಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಹಾಲು ಕರೆಯೋಕೆ ಬರೋ ಬೆಟ್ಟಮ್ಮ, ಏನವ್ವಾ ಮಗಾ ಇಂಗ್ ಸೊರಗೋಗದೆ, ಯಾರ್ದಾರಾ ಕಣ್ ಬಿದ್ದೈತೇನೋ ನೋಡ್ಕಳಿ ಅಂದ್ಲು, ಕಣ್ಣಲ್ಲ ಬೆಟ್ಟಮ್ಮ, ಕೈ, ಈ ಮನೆ ಹಿರೀ ಕೈ, ಅಂತ ಬಾಯಿತನಕ ಬಂತು, ನುಂಗಿಕೊಂಡೆ.

ನಾನೇ ಉಣ್ಣಿಸೋಣ ಅಂದ್ರೆ ಆಗಲ್ಲ, ಮಕ್ಕಳ ಸಂಜೆ ಊಟ ಅತ್ತೆ ಜಿನಮ್ಮನವರ ಕೈತುತ್ತೇ, ಸೊಸೇರು ತಮ್ಮ ತಮ್ಮ ಮಕ್ಕಳಿಗೆ ಬೇರೆ ತಟ್ಟೆ ಇಟ್ಟ ದಿನ ಮನೆ ಪಾಲಾಯ್ತು ಅಂತಾರೆ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಇಲ್ಲ, ಬಸದಿಗೆ ನಡಕೊಳ್ಳೋ ಜೈನರ ಮನೆ, ದೀಪ ಹಚ್ಚಿ ಉಂಡರೆ ಹುಳಹುಪ್ಪಟೆ ಸಾಯುತ್ವೆ, ಉಣ್ಣುವಾಗ ಮಾತೂ ಇಲ್ಲ, ಮಕ್ಕಳೂ ಮೌನ. ಕತ್ತಲಾದರೆ ಸುನಂದ ನನ್ನ ಸೆರಗು ಕಚ್ಚಿಕೊಂಡು, ಅಮ್ಮಾ ಹಸಿವು ಅಂತಾಳೆ, ಈಗ ತಾನೆ ಉಂಡ್ಯಲ್ಲೇ ಅಂದ್ರೆ, ಅಜ್ಜಿ ನಂಗೆ ಕೊಡಲ್ಲ ಅಂತಾಳೆ — ಮೂರು ವರ್ಷದ ಕೂಸು ಸುಳ್ಳು ಹೇಳುತ್ಯೆ? ಅತ್ತೆಯನ್ನ ಕೇಳಿದ್ರೆ, ನಿನ್ನ ಮಗಳಿಗೆ ಬಿಂಕ ಕಣೇ ಮರುದೇವಿ, ಕೈ ಚಾಚಲ್ಲ, ನಾನೆಷ್ಟು ಹೊತ್ತು ಹಿಡ್ಕೊಂಡಿರ್ಲಿ, ಚನ್ನರಾಯಪಟ್ಟಣದ ಅಂಗಡಿಯಿಂದ ಬಂದ ಇವರನ್ನ ಕೇಳಿದ್ರೆ, ನಮ್ಮಮ್ಮನ ಮೇಲೆ ಅನುಮಾನವಾ, ನಾಚಿಕೆ ಆಗಲ್ವಾ ನಿಂಗೆ. ಆಗಲ್ಲ. ಹೆಣ್ಣು ಹೆತ್ತೆ ಅಂತ ಕೋಪ ನನ್ನ ಮೇಲೆ, ಅದನ್ನ ಕೂಸಿನ ಹೊಟ್ಟೆ ಮೇಲೆ ತೀರಿಸ್ಕೊಳ್ಳೋದು. ಬೆಳಗಿನ ಊಟಕ್ಕೆ ಮಾತ್ರ ಯಾವ ಭೇದವೂ ಇಲ್ಲ, ಆಗ ಎಲ್ಲರೂ ನೋಡ್ತಿರ್ತಾರೆ ನೋಡಿ, ಅದಕ್ಕೆ.

ಸುರುವಾಯ್ತು. ಅಜಿತ್‌ಕುಮಾರ ಮಂಡಿಯೂರಿ ಅಂಗೈಯನ್ನ ಅಜ್ಜಿ ಕೈಗೇ ತಾಗಿಸ್ದ, ಬಿತ್ತು, ಅವನ ತಮ್ಮ ಸೆರಗು ಜಗ್ಗಿದ, ಅವನಿಗೂ ಬಿತ್ತು, ಸುನಂದ ಕಂಬದ ಆಚೆ, ಕೈ ಮಡಿಲಲ್ಲಿ, ಕೊಟ್ಟಾಗ ತಗೋಬೇಕು ಮೇಲೆ ಬೀಳಬಾರದು ಅಂತ ಅತ್ತೇನೇ ಕಲಿಸಿದ್ದು, ಪುಷ್ಯಮಾಸದ ಬೆಳಕು, ತೊಟ್ಟಿ ಅಂಗಳದಲ್ಲಿ ಆಗಲೇ ಬೂದಿಬಣ್ಣ, ದೀಪಾವಳಿ ಕಳೆದಮೇಲೆ ಹೊತ್ತು ಎಷ್ಟು ಬೇಗ ಇಳಿಯುತ್ತೆ — ದೀಪಾವಳಿ ಕಳೆದಮೇಲೆ — ಇರಲಿ, ಈಗ ಅವಳ ಸರದಿ, ಈಗ ದಾಟಿಸ್ತಾರೆ ನೋಡು, ಇಲ್ಲ, ತುತ್ತು ಕಟ್ಟಿದ್ರು, ಎಲ್ಲರದಕ್ಕಿಂತ ದೊಡ್ಡದು, ತುಪ್ಪ ಹೆಚ್ಚಾಗೇ ಹುಯ್ದ್ರು, ಕೈ ಚಾಚಿದ್ರು, ಎಲ್ಲಿಗೆ, ಕಂಬದ ಈಚೆ, ಅಲ್ಲಿ ಯಾರಿದಾರೆ, ಅಲ್ಲಿ ಒರಗಿಸಿಟ್ಟಿರೋದು ಹೊಸ ರಾಗಿ ಮೂಟೆ, ಮಗುವಿನಷ್ಟೇ ಎತ್ತರದ ಮೂಟೆ, ಅದಕ್ಕೆ ಹಿಡಿದಿದಾರೆ, ಮೌನ ಮುರೀಬಾರದು ಅಂತ ತುಟಿ ಬಿಚ್ಚದೆ ಹುಬ್ಬು ಕುಣಿಸಿ ಕರೀತಿದಾರೆ, ನಗ್ತಿದಾರೆ, ಅಯ್ಯೋ ಇವರಿಗೆ ಕಾಣಲ್ಲ, ಸಂಜೆ ಆದ್ರೆ ಏನೇನೂ ಕಾಣಲ್ಲ, ಮೊನ್ನೆ ಮುಸ್ಸಂಜೇಲಿ ಬಸದಿಯಿಂದ ಬರುವಾಗ ನನ್ನ ಹೆಗಲು ಹಿಡಿದ್ರಲ್ಲ, ದರ್ಪ ಅಂದುಕೊಂಡೆ — ಈಗ ಕೂಗಿಬಿಡ್ಲಾ, ಕೂಗಿದ್ರೆ ಚಕ್ರೇಶ್ವರಿಗೆ ಗೊತ್ತಾಗುತ್ತೆ, ಆ ಬೋಗುಣಿ ಇವತ್ತಿಗೇ ಅತ್ತೆ ಕೈ ತಪ್ಪುತ್ತೆ, ಕೂಗದಿದ್ರೆ ನನ್ನ ಕೂಸು, ಕೂಸು ತುತ್ತನ್ನೇ ನೋಡ್ತಿದೆ, ಕೈ ಮಡಿಲಲ್ಲೇ, ಎದ್ದುಹೋಗಿ ಅವಳನ್ನ ಎತ್ತಿ ಆ ಕೈಯ ಕೆಳಗೆ ಕೂರಿಸಬೇಕು ಅಷ್ಟೇ, ಬೆಳಕು ಹೋಗ್ತಿದೆ, ಏಳು ಮರುದೇವಿ, ತುಪ್ಪ ಅವರ ಮಣಿಕಟ್ಟಿಗೆ ಇಳೀತಿದೆ, ಕೈ ಇನ್ನೂ ಹಿಡಿದೇ ಇದೆ, ನಗ್ತಾನೇ ಇದಾರೆ, ಮೂಟೆಗೆ, ಅಷ್ಟು ಪ್ರೀತಿಯಿಂದ, ಮೂಟೆಗೆ —