ಇಬ್ಬರಿಗೂ ಒಂದೇ ಅಳತೆ

ಸೂಜಿಯ ಕೆಳಗೆ ನೀಲಿ ಬಟ್ಟೆ ಸರಿಯುತ್ತಿದೆ, ಅಕ್ಕನ ಅಂಗಿ, ಅಳತೆ ತೆಗೆಯುವ ಗೋಜೇ ಇಲ್ಲ, ತನ್ನ ಮೈಗೆ ಹಿಡಿದು ಕತ್ತರಿಸಿದರೆ ಸಾಕು, ಅವಳಿಗೆ ಸರಿಯಾಗಿ ಕೂರುತ್ತದೆ — ಏಳು ನಿಮಿಷಕ್ಕೆ ದೊಡ್ಡವಳು, ಅಷ್ಟಕ್ಕೇ ನಲವತ್ತಾರು ವರ್ಷದ ಯಜಮಾನಿಕೆ — ಇಷ್ಟು ಹೊತ್ತಿಗೆ ಆಸ್ಪತ್ರೆಯವರು ಲಕೋಟೆ ಕೊಟ್ಟಿರುತ್ತಾರೆ, ಕೊಡಲಿ, ತಾನು ಬೇಡವೆಂದವಳು. ಕೈಕಾಲು ಕುಣಿಸಿ ಕುಣಿಸಿ ಅಮ್ಮನನ್ನು ಮಲಗಿಸಿದ ಕಾಯಿಲೆ ಮಕ್ಕಳಿಗೂ ಇಳಿದಿದೆಯೋ ಇಲ್ಲವೋ, ಒಂದು ಚಮಚ ರಕ್ತ ಹೇಳಿಬಿಡುತ್ತದಂತೆ, ಮದ್ದು ಮಾತ್ರ ಇಲ್ಲವಂತೆ, ಮತ್ತೆ ತಿಳಿದುಕೊಂಡು ಕಡಿದು ಕಟ್ಟೆ ಹಾಕುವುದೇನಿದೆ — ನಿನಗೆ ಮಕ್ಕಳಿಲ್ಲ ಕಣೇ, ನನ್ನ ಮಗಳು ಮಗು ಮಾಡ್ಕೋಬೇಕು ಅಂತಿದಾಳೆ, ಅವಳಿಗೆ ಏನಂತ ಹೇಳ್ಲಿ — ಅದೂ ನ್ಯಾಯವೇ, ಅದೇ ಸಂಕಟ. ತಿಳ್ಕೊಳ್ಳೋದು ಅವರ ಹಕ್ಕು, ತಿಳ್ಕೊಳ್ಳದೇ ಇರೋದು ನಿಮ್ಮ ಹಕ್ಕು, ಆಸ್ಪತ್ರೆಯ ಸಲಹೆಗಾರ್ತಿ ಎಷ್ಟು ಚೆನ್ನಾಗಿ ಹಂಚಿಕೊಟ್ಟಳು, ಆದ್ರೆ ನೀವು ತದ್ರೂಪಿ ಅವಳಿಗಳಲ್ವಾ, ಒಬ್ಬರ ಫಲಿತಾಂಶ ಇಬ್ಬರದೂ, ಎಂದು ಪೆನ್ನು ಕೆಳಗಿಟ್ಟಳು — ಬಟ್ಟೆಯಾಗಿದ್ದರೆ ತಾನೇ ಕತ್ತರಿಸಿ ಕೊಡುತ್ತಿದ್ದಳು, ರಕ್ತವನ್ನು ಯಾವ ಗೆರೆಯ ಮೇಲೆ ಕತ್ತರಿಸುವುದು ತಾಯಿ. ಕೊನೆಗೆ ಅಕ್ಕ ಆಣೆ ಮಾಡಿದಳು, ಏನೇ ಬರ್ಲಿ, ನಿನ್ನ ಹತ್ರ ಬಾಯಿ ಬಿಡಲ್ಲ. ಗುಟ್ಟು ಅವಳ ಹೊಟ್ಟೆಯಲ್ಲಿ ಒಂದು ದಿನ ನಿಂತದ್ದುಂಟೇ!

ಬಾಗಿಲ ಸದ್ದು, ಅವಳೇ, ಮುಖ ನೋಡಬಾರದು, ಆ ಮುಖ ತನ್ನದೇ, ಓದಲು ಕಷ್ಟವಿಲ್ಲ, ದಾರ ನೋಡು, ಹೊಲಿಗೆ ನೋಡು — ಬಸ್ಸು ಏನು ರಶ್ಶು ಕಣೇ, ಊಟ ಆಯ್ತಾ, ಹೊರಗೆ ಏನು ಬಿಸಿಲು — ಊರ ಮಾತೆಲ್ಲ ಬಂತು, ಆ ಮಾತೊಂದು ಬರಲಿಲ್ಲ, ದನಿಯೂ ನಡುಗಲಿಲ್ಲ, ಪುಣ್ಯಾತಗಿತ್ತಿ, ಮಾತು ಉಳಿಸಿಕೊಂಡಳು, ಎದೆ ಹಗುರಾಗುತ್ತಿದೆ, ಎದ್ದು ತಬ್ಬಿಕೊಳ್ಳೋಣ ಎನ್ನಿಸುತ್ತಿದೆ — ಅಂಗಿ ಮುಗೀತಾ, ಮುಗೀತು ಅಕ್ಕ, ಗುಂಡಿ ಹಚ್ಚೋದೊಂದು ಬಾಕಿ — ಗುಂಡಿ ಬೇಡ ಬಿಡೇ, ತಲೆ ಮೇಲಿಂದ ಹಾಕ್ಕೊಳ್ಳೋ ಹಾಗೆ ಹೊಲಿ, ಇನ್ಮೇಲೆ ನಂದೆಲ್ಲಾ ಹಾಗೇ ಹೊಲಿ.

ಇನ್ಮೇಲೆ. ಯಂತ್ರ ನಿಂತಿದೆ, ಕಾಲು ತುಳಿಯುವುದನ್ನು ಮರೆತಿದೆ, ಅಕ್ಕನ ಕೈ ಈಗ ಬಾಯಿಯ ಮೇಲೆ, ತಡವಾಯಿತು, ಕನ್ನಡಿಯ ಮುಂದೆ ಅಮ್ಮ, ಆಚೆಗೊಬ್ಬಳು ಈಚೆಗೊಬ್ಬಳು ತಾವಿಬ್ಬರು, ನಾವು ಹಾಕ್ತೀವಿ ಬಾಮ್ಮ, ಬಿಡ್ರೇ, ನನಗೇನು ಕೈಯಿಲ್ವಾ, ಬೆರಳ ತುದಿಯಲ್ಲಿ ಬಿಳಿ ಗುಂಡಿ, ಕಾಜದ ಹತ್ತಿರ ಹೋಗುತ್ತದೆ, ಜಾರುತ್ತದೆ, ಮತ್ತೆ ಹೋಗುತ್ತದೆ, ಜಾರುತ್ತದೆ, ಮತ್ತೆ ಬಿಳಿ ಗುಂಡಿ, ಮತ್ತೆ ಕಾಜ, ಮತ್ತೆ ಅಮ್ಮನ ಹೆಬ್ಬೆರಳು —