ಬಾಣಂತಿಯ ಹಾಲು

ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ. ಮಸೂತಿ ಎಂಬ ಊರಿನ ಮಂದಿಗೆಲ್ಲ ಕಣ್ಣುಬೇನೆ ಬಂದಿತ್ತು. ಕಣ್ಣು ಕೆಂಪಾಗಿ ಗೀಜು ಕಟ್ಟಿದರೆ ಬಾಣಂತಿಯ ಹಾಲು ಹಿಂಡಬೇಕು ಎಂಬುದು ಅಲ್ಲಿನವರ ನಂಬಿಕೆ. ಓಣಿಯಲ್ಲಿದ್ದ ಬಾಣಂತಿ ಸಗೀರಾ ಒಬ್ಬಳೇ. ಬಂದವರ ರೆಪ್ಪೆ ಬಿಡಿಸಿ ಹಾಲು ಹಿಂಡುವಳು, ಕೈಯನ್ನು ಸೆರಗಿಗೆ ಒರೆಸಿ ತನ್ನ ಕೂಸನ್ನು ಎತ್ತಿಕೊಳ್ಳುವಳು. ಔಷಧಕ್ಕೆ ಎಂಥ ನಾಚಿಕೆ, ಎಂಥ ಜಾತಿ! ಪಕ್ಕದ ಮನೆಯ ಮುದುಕಿ ಶಂಕ್ರೆವ್ವನಂತೂ ಮೊಮ್ಮಗ ಅಮೋಘಿಯನ್ನು ದಿನವೂ ಹೊತ್ತು ತರುತ್ತಿದ್ದಳು.

ಒಂದು ಬೆಳಗ್ಗೆ ಸಗೀರಾಳ ಕೂಸೇ ಕಣ್ಣು ತೆರೆಯಲಿಲ್ಲ. ರೆಪ್ಪೆ ಊದಿ, ಸಂದಿಯಿಂದ ಹಳದಿ ಕೀವು ಇಳಿಯುತ್ತಿತ್ತು.

"ನಿನ್ನ ಹಾಲೇ ಹಾಕು, ಇಳಿತೈತಿ," ಎಂದಳು ಅತ್ತೆ ಸುಲ್ತಾನಬಿ.

ಹಾಕಿದಳು. ಸಂಜೆಗೆ ಊತ ಇನ್ನೂ ಏರಿತು. ರೆಪ್ಪೆ ಬಿಡಿಸಿ ನೋಡಲು ಸಗೀರಾಳಿಗೆ ಧೈರ್ಯ ಸಾಲಲಿಲ್ಲ. ಒಳಗೆ ಹೂ ಬಿದ್ದಿದ್ದರೆ? ಕರಿಗುಡ್ಡೆಯ ಮೇಲೆ ಆ ಬಿಳಿ ಮಚ್ಚೆ ಒಮ್ಮೆ ಮೂಡಿತೆಂದರೆ ಹೋದ ದೃಷ್ಟಿ ಹೋದಂತೆಯೇ.

ಮರುದಿನ ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರಬಾಯಿ ಕುದಿಸಿ ಆರಿಸಿದ ನೀರಿಗೆ ಅರಳೆ ಅದ್ದಿ ಕೀವು ಒರೆಸಿದರು. ಅವರು ರೆಪ್ಪೆ ತೆರೆಯುವ ಹೊತ್ತಿಗೆ ಸಗೀರಾ ತನ್ನ ಕಣ್ಣು ಮುಚ್ಚಿಕೊಂಡಳು.

"ಹೂ ಬಿದ್ದೈತೇನ್ರಿ?"

"ಇಲ್ಲ, ಗುಡ್ಡಿ ಸ್ವಚ್ಛ ಐತಿ. ಮುಲಾಮು ಕೊಡತೇನಿ, ಕೈ ತೊಳಕೊಂಡು ಹಚ್ಚು. ಮಂದಿಗೆ ಹಾಲ ಹಿಂಡತೇನಿ ಅಂದೆಲ್ಲ, ಅವರ ಕಣ್ಣ ಮುಟ್ಟಿದ ಕೈಲೇ ಕೂಸಿನ್ನ ಮುಟ್ಟೀದಿ, ಅದಕ್ಕ ಹತ್ತೇತಿ. ಹಾಲಿಗೆ ಈ ಬ್ಯಾನಿ ಹೋಗಂಗಿಲ್ಲ. ಇನ್ನ ತಡಾ ಮಾಡಿದ್ರ ಕಣ್ಣ ಹೋಗ್ತಿತ್ತು."

ಸಗೀರಾ ಅಳುತ್ತಲೇ ನಕ್ಕಳು.

ಬಸ್ಸಿಳಿದು ಮನೆ ಮುಟ್ಟಿದಾಗ ಶಂಕ್ರೆವ್ವ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯಲ್ಲಿ ಕಾಯುತ್ತಿದ್ದಳು. ಮುಖದ ತುಂಬ ಹಿಗ್ಗು.

"ಬಾ ಯವ್ವಾ. ನಿನ್ನ ಹಾಲಿನ ಗುಣಾ ನೋಡು, ಇವತ್ತ ಕಣ್ಣ ತಗದಾನ!"

ಅಮೋಘಿ ತಲೆಯೆತ್ತಿದ. ಎಡಗಣ್ಣಿನ ಕರಿಗುಡ್ಡೆಯ ನಡುವೆ ಬೆಳ್ಳಗೆ ಹೂ ಬಿದ್ದಿತ್ತು. ಮುದುಕಿಯ ಮಂಜುಗಣ್ಣಿಗೆ ಅದು ಕಂಡಿರಲಿಲ್ಲ.

ಸಗೀರಾ ಶಂಕ್ರೆವ್ವನ ರಟ್ಟೆ ಹಿಡಿದಳು. "ಆಯೀ, ಏಳ್ರಿ. ಈಗಿಂದೀಗ ದವಾಖಾನಿಗೆ ಹೋಗೂಣು."

"ದವಾಖಾನಿ ಯಾಕ?" ಶಂಕ್ರೆವ್ವ ನಗುತ್ತ ಮೊಮ್ಮಗನ ರೆಪ್ಪೆಯನ್ನು ಅಗಲಿಸಿ ಹಿಡಿದಳು. "ಇನ್ನ ನಾಕ ಹನಿ ಹಾಕು, ಪೂರಾ ಆರಾಮ ಆಗತಾನ."