ಹಿಂಬದಿಯ ಫೋಟೋ

ಆ ಕತ್ತು — ಸಾಲಿನ ತುದಿಯಲ್ಲಿ, ಪುಸ್ತಕದಂಗಡಿಯ ಗಾಜಿನ ಕಡೆ ತಿರುಗಿ ನಿಂತವನ ಕತ್ತು ಎಡಕ್ಕೆ ತುಸು ವಾಲಿದೆ, ಅಣ್ಣ ಹಾಗೇ ನಿಲ್ಲುತ್ತಿದ್ದ, ಇಲ್ಲ, ಇರಲಾರದು, ಅವಳ ಸಹಿ ಸೊಟ್ಟಗಾಯಿತು, ಎದುರು ನಿಂತ ದಪ್ಪನೆಯವರಿಗೆ ಅದೂ ಪ್ರಸಾದವೇ, ಮೇಡಂ ನಿಮ್ಮ ಕಾದಂಬರಿ ಹಿಡಿದ್ರೆ ಊಟ ನಿದ್ದೆ ಇಲ್ಲ, ಕಾಣೆಯಾದೋರನ್ನ ಎಷ್ಟು ಚೆನ್ನಾಗಿ ಹುಡುಕಿಕೊಡ್ತೀರಿ, ಕೊಡುತ್ತಾಳೆ, ಹೌದು, ಕೊನೆಯ ಅಧ್ಯಾಯದಲ್ಲಿ ಬಾಗಿಲು ತಟ್ಟಿದ ಸದ್ದು, ಓದುವವರ ಕಣ್ಣಲ್ಲಿ ನೀರು — ಮೊದಲ ಕಾದಂಬರಿಯಲ್ಲಿ ಕಾಣೆಯಾದವನು ಸಿಕ್ಕಿರಲೇ ಇಲ್ಲ, ವಿಮಾ ಕಚೇರಿಯ ಟೈಪಿಸ್ಟ್ ಅವಳಾಗ, ಊಟದ ಬಿಡುವಿನಲ್ಲಿ ಕುಟ್ಟಿದ ಹಾಳೆಗಳು, ಪ್ರಕಾಶಕರು ಅವನ್ನು ಮೇಜಿಗೆ ತಟ್ಟಿ ಸಮ ಮಾಡುತ್ತ, ಏನಮ್ಮಾ ಇದು, ಇಷ್ಟು ದೂರ ಓಡಿಸಿ ಕೈಬಿಟ್ರೆ ಓದೋರು ಸುಮ್ನೆ ಬಿಡ್ತಾರಾ, ಆ ಮನುಷ್ಯ ಸಿಗಲೇಬೇಕು, ಸಿಕ್ಕ, ಪುಸ್ತಕ ಕೈಯಿಂದ ಕೈಗೆ ಓಡಿತು, ಅಂದಿನಿಂದ ಸಿಗುತ್ತಲೇ ಇದ್ದಾನೆ, ಒಮ್ಮೆ ಗೂಢಚಾರನಾಗಿ, ಒಮ್ಮೆ ನೆನಪು ಕಳೆದುಕೊಂಡ ಡಾಕ್ಟರಾಗಿ, ಒಮ್ಮೆ ಹಡಗಿನ ಅಡುಗೆಯವನಾಗಿ, ಮನೆಗೆ ಮಾತ್ರ ಬಂದಿಲ್ಲ, ಬಲ್ಬು ತರುತ್ತೇನೆಂದು ಹೋದ ಅಣ್ಣ, ಹುಡುಗಿ ಗಿಡುಗಿ ವಿಷ್ಯ ಏನಾದ್ರೂ ಇತ್ತಾ ಸಾರ್ ಅಂತ ಪೊಲೀಸರು, ಎದ್ದು ಕತ್ತಲ ಅಡುಗೆಮನೆಗೆ ಹೋಗಿ ನೀರು ಕುಡಿಯುವ ಅಪ್ಪ, ಗಟಗಟ ಸದ್ದು — ಗಂಡನಾದರೂ ಎಷ್ಟು ಕಾಲ ತಾಳಿಯಾನು, ಮನೇಲಿರೋನು ನಿಂಗೆ ಕಾಣಲ್ಲ ಕಣೇ, ಇಲ್ಲದೋನು ಮಾತ್ರ ಕಾಣ್ತಾನೆ, ಸೂಟ್‌ಕೇಸ್ ಹೊಸಿಲು ದಾಟುವಾಗಲೂ ಅವಳ ಬೆರಳು ಟೈಪ್‌ರೈಟರಿನ ಕೀಲಿಗಳ ಮೇಲೇ ಇತ್ತು, ವಾಕ್ಯ ಮುಗಿಸಿ ತಲೆ ಎತ್ತಿದಾಗ ಮನೆಯೇ ಖಾಲಿ.

ಮುಂದಿನವರು ಬನ್ನಿ, ಅಂಗಡಿಯಾಕೆ ಅವಳ ಕಿವಿಗೆ ಬಗ್ಗಿ, ಮೇಡಂ, ಪುಸ್ತಕದ ಹಿಂಬದಿ ಫೋಟೋ ಇನ್ನಾದ್ರೂ ಬದಲಾಯಿಸ್ಬಾರದಾ, ಎರಡು ಜಡೆ ಹುಡುಗಿ, ವಯಸ್ಸು ಮುಚ್ಚಿಡ್ತಾರೆ ಅಂತ ಜನ ಆಡ್ಕೋತಾರೆ, ಆಡಿಕೊಳ್ಳಲಿ, ಅಣ್ಣ ಬಲ್ಲದ್ದು ಆ ಮುಖವನ್ನು, ಎಲ್ಲೋ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಹಾಕಿದ ಪುಸ್ತಕ ಗಾಳಿಗೆ ಮಗುಚಿದರೆ, ಈ ನರೆತವಳು ಯಾರೆಂದು ಅವನಿಗೆ ಗೊತ್ತಾದೀತು ಹೇಗೆ — ಕತ್ತು ತಿರುಗಿತು, ಬಂತು, ಮೇಜಿನ ಮುಂದೆ ದಪ್ಪ ಕನ್ನಡಕ, ಯಾರದೋ ಮೂಗು, ನನ್ನ ಹೆಂಡ್ತಿಗೆ ಅಂತ ಬರ್ದುಕೊಡಿ, ಆಸ್ಪತ್ರೇಲಿದಾಳೆ, ಕೊನೇಗೆ ಆತ ಸಿಗ್ತಾನೆ ತಾನೇ, ಈಗಲೇ ಹೇಳ್ಬಿಡಿ, ಅವಳಿಗೆ ಕಾಯೋಕಾಗಲ್ಲ, ಸಿಗ್ತಾನೆ, ಅಂದಳು, ಖಂಡಿತ ಸಿಗ್ತಾನೆ, ಎಷ್ಟು ಸಲೀಸಾಗಿ ಬಂತು ಮಾತು, ಆತ ಕೈಮುಗಿದು ಹೊರಟೇಹೋದ, ಸಾಲು ಮುಗಿದಿದೆ, ಕುರ್ಚಿಗಳನ್ನು ಮಡಚುತ್ತಿದ್ದಾರೆ, ಪೆನ್ನಿಗೆ ಮುಚ್ಚಳ ಹಾಕಬೇಕು, ಅಣ್ಣನ ಮುಖ ನೆನಪಿಸಿಕೊಳ್ಳಬೇಕು, ಬರುವುದಿಲ್ಲ, ಮುಖ ಬಂದು ಎಷ್ಟೋ ವರ್ಷವಾಯಿತು, ಪ್ರತಿ ಸಲ ಬರುವುದು ಇದೊಂದೇ, ಯಾವ ಪುಸ್ತಕದೊಳಗೂ ಕೂರಲೊಪ್ಪದ್ದು — ಅಂದು ಮನೆಯ ಬಾಗಿಲ ಬಳಿಯ ಬೆಂಚು, ಅಣ್ಣನ ದನಿ, ಏ ಕೋತಿ, ಬಾಗಿಲು ಹಾಕ್ಕೋ, ಈಗ ಬಂದೆ, ಅವಳು ತಲೆ ಎತ್ತಲಿಲ್ಲ, ಕೆಳಗಷ್ಟೇ ಕಂಡಿತು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು, ಬರಿಗಾಲು, ಬೆಂಚಿನಡಿಯ ಕತ್ತಲಲ್ಲಿ ಹೆಬ್ಬೆರಳು ಚಾಚಿ ಚಪ್ಪಲಿ ಹುಡುಕುತ್ತ, ಹುಡುಕುತ್ತ, ಆ ಬರಿಗಾಲು —